ಕೊಲೆಗಾರ ಯಾರೆಂದು ಗೊತ್ತಿದ್ದೂ ಮತ್ತೆ ಓದುವುದು

ಓದುಗರ ಪತ್ರ: "ನನಗೆ 68 ವರ್ಷ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹೈಸ್ಕೂಲಿನ ದಿನಗಳಿಂದಲೂ ಪತ್ತೇದಾರಿ ಕಾದಂಬರಿಗಳ ಹುಚ್ಚು. ಹೊಸದು ಸಿಗದಿದ್ದರೆ ಹಳೆಯದನ್ನೇ ತೆಗೆದು ಕೂರುತ್ತೇನೆ. 'ಕೊಲೆ ಮಾಡಿದ್ದು ಯಾರು ಅಂತ ಗೊತ್ತಲ್ಲ ಅಜ್ಜಿ, ಮತ್ತೆ ಯಾಕೆ ಓದ್ತೀಯಾ?' ಅಂತ ಮೊಮ್ಮಗಳು ಕೇಳುತ್ತಾಳೆ. ನನಗೆ ಉತ್ತರ ಹೊಳೆಯುತ್ತಿಲ್ಲ. ನೀವಾದರೂ ಹೇಳಿ."
— ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ನಿಮ್ಮ ಪತ್ರ ಬಂದ ದಿನ ಬೇರೆ ಕೆಲಸ ಪಕ್ಕಕ್ಕಿಟ್ಟೆ. ನನಗೂ ಇದೇ ಹುಚ್ಚು. ಅದು ಹತ್ತಿದ್ದು ಹೇಗೆ ಎಂದು ಹೇಳಿದರೆ ನಿಮ್ಮ ಮೊಮ್ಮಗಳಿಗೆ ಅರ್ಧ ಉತ್ತರ ಸಿಕ್ಕ ಹಾಗೆಯೇ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ತುದಿಯಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನಕ್ಕೆ ನಾಲ್ಕಾಣೆ ಬಾಡಿಗೆ. ಎನ್. ನರಸಿಂಹಯ್ಯನವರ ಪುಸ್ತಕ ಬೇಕೆಂದರೆ ಸರದಿಗೆ ಕಾಯಬೇಕಿತ್ತು. ಪುರುಷೋತ್ತಮ, ಮಧುಸೂದನ, ಅರಿಂಜಯ, ಈ ಮೂವರು ಪತ್ತೇದಾರರು ನಮಗೆ ನೆಂಟರಿಗಿಂತ ಹೆಚ್ಚು ಪರಿಚಯ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರಿಂದಾಗಿ ಓದುವ ಚಟ ಹತ್ತಿಸಿಕೊಂಡವರು ಕನ್ನಡದಲ್ಲಿ ಎಷ್ಟು ಜನ! ಅವರ ಋಣ ನಾವು ಸರಿಯಾಗಿ ತೀರಿಸಿಲ್ಲ ಅಂತಲೇ ನನ್ನ ಅನಿಸಿಕೆ.

ಒಂದು ಸಲ ನರಸಿಂಹಯ್ಯನವರದ್ದು ಸಿಗದೆ ಬೇರೆ ಯಾರದೋ ಕಾದಂಬರಿ ತಂದೆ. ರಟ್ಟು ಹೋಗಿತ್ತು, ಹೆಸರೂ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕೊನೆ ಮುಟ್ಟಿದೆ. ಪತ್ತೇದಾರ ಎಲ್ಲರನ್ನೂ ಹಜಾರಕ್ಕೆ ಕರೆದು ಬಾಗಿಲು ಹಾಕಿದ. ಅಷ್ಟೇ. ಮುಂದಿನ ಹಾಳೆಗಳನ್ನು ಯಾರೋ ಹರಿದುಕೊಂಡು ಹೋಗಿದ್ದರು. ಅಳು ಬರುವುದೊಂದು ಬಾಕಿ. ಬೇರೆ ದಾರಿ ಇರಲಿಲ್ಲ, ಮಾರನೆಯ ದಿನ ಮೊದಲಿನಿಂದ ಮತ್ತೆ ಓದಿದೆ. ಮೂರನೇ ಸಲ ಓದುವಾಗ ಜಗಲಿಯ ಮೂಲೆಯಲ್ಲೊಂದು ಒದ್ದೆ ಛತ್ರಿ ಕಣ್ಣಿಗೆ ಬಿತ್ತು. ಒಂದೇ ಒಂದು ಸಾಲು. ಆ ಮನೆಯವರೆಲ್ಲ "ಸಂಜೆಯಿಂದ ಹೊರಗೆ ಕಾಲಿಟ್ಟಿಲ್ಲ" ಎಂದು ಹೇಳಿದ್ದರು! ಎರಡು ಸಲ ಆ ಸಾಲಿನ ಮೇಲೆ ಹಾದುಹೋಗಿದ್ದೆ, ನೋಡಿರಲಿಲ್ಲ. ಆ ಹಾಳೆಗಳು ಇವತ್ತಿಗೂ ಸಿಕ್ಕಿಲ್ಲ. ಆದರೆ ಆ ಛತ್ರಿ ಕಂಡಾಗ ಆದ ಖುಷಿ ಇನ್ನೂ ಹಾಗೇ ಇದೆ.

ನೀವು ಮತ್ತೆ ಮತ್ತೆ ಓದುವುದೂ ಇದಕ್ಕೇ ಅಲ್ವಾ? ಮೊದಲ ಸಲ ನಾವು ಕೊಲೆಗಾರನ ಹಿಂದೆ ಓಡುತ್ತೇವೆ. ಎರಡನೇ ಸಲ ಬರೆದವರ ಕೈ ನೋಡುತ್ತೇವೆ. ನಮ್ಮ ಕಣ್ಣ ಮುಂದೆಯೇ ಸುಳಿವು ಇಟ್ಟು, ಅದು ಕಾಣದ ಹಾಗೆ ಹೇಗೆ ಮಾಡಿದರು ಎಂದು.

ಷರ್ಲಾಕ್ ಹೋಮ್ಸ್‌ನ "ಸಿಲ್ವರ್ ಬ್ಲೇಜ್" ನೀವು ಖಂಡಿತ ಓದಿರುತ್ತೀರಿ. 1892ರ ಡಿಸೆಂಬರ್‌ನಲ್ಲಿ ಸ್ಟ್ರ್ಯಾಂಡ್ ಮಾಸಪತ್ರಿಕೆಯಲ್ಲಿ ಬಂದ ಕಥೆ. ರೇಸ್ ಕುದುರೆ ಕಾಣೆಯಾಗುತ್ತದೆ, ಅದನ್ನು ಪಳಗಿಸುವವನು ಸತ್ತು ಬಿದ್ದಿರುತ್ತಾನೆ. ರಾತ್ರಿ ಬೊಗಳದ ನಾಯಿಯಿಂದಾಗಿ ಈ ಕಥೆ ಪ್ರಸಿದ್ಧ. ನನಗೆ ನಾಯಿಗಿಂತ ಇಷ್ಟ ಅದರಲ್ಲಿರುವ ಊಟ. ಕೆಲಸದ ಹುಡುಗಿ ಲಾಯದ ಕಾವಲು ಹುಡುಗನಿಗೆ ರಾತ್ರಿಯೂಟ ತೆಗೆದುಕೊಂಡು ಹೋಗುತ್ತಾಳೆ. ಅದು ಮಟನ್ ಕರಿ. ಅಷ್ಟರಲ್ಲೇ ಕತ್ತಲಿಂದ ಒಬ್ಬ ಅಪರಿಚಿತ ಬಂದು ಅವಳನ್ನು ಮಾತಾಡಿಸುತ್ತಾನೆ. ನಾವೆಲ್ಲ ಅವನ ಹಿಂದೆ ಬೀಳುತ್ತೇವೆ. ತಟ್ಟೆಯಲ್ಲಿ ಏನಿತ್ತು ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ? ಊಟ ಮಾಡಿದ ಹುಡುಗ ಅಫೀಮಿನ ಮತ್ತಿನಲ್ಲಿ ಮೈಮರೆತು ಬೀಳುತ್ತಾನೆ. ಅಫೀಮಿನ ಪುಡಿಗೆ ಅದರದೇ ರುಚಿ ಇದೆ, ಸಪ್ಪೆ ಅಡುಗೆಯಲ್ಲಿ ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಮಸಾಲೆಯಲ್ಲಿ ಮುಚ್ಚಿಹೋಗುತ್ತದೆ. ಹಾಗಾದರೆ ಅವತ್ತು ಮಸಾಲೆ ಅಡುಗೆಯೇ ಆಗಲಿ ಎಂದು ಹೇಳಲು ಹೊರಗಿನವನಿಗೆ ಸಾಧ್ಯವೇ?

ಎರಡನೇ ಸಲ ಓದುವಾಗ ಆ ತಟ್ಟೆ, ಅದರ ಮಾತು ಬಂದ ಮೊದಲ ಸಾಲಿನಲ್ಲೇ ಘಮ್ಮೆನ್ನುತ್ತದೆ. ಅದೇ ಕಥೆಯಲ್ಲಿ ಹೋಮ್ಸ್ ಸುಮ್ನೆ ಎಂಬಂತೆ ಕುರಿ ಕಾಯುವವನನ್ನು ಕೇಳುತ್ತಾನೆ: ಇತ್ತೀಚೆಗೆ ಕುರಿಗಳಿಗೆ ಏನಾದರೂ ಆಗಿದೆಯಾ? ಮೂರು ಕುಂಟುತ್ತಿವೆ ಎಂಬ ಉತ್ತರ ಕೇಳಿ ಅವನಿಗೆ ಎಲ್ಲಿಲ್ಲದ ಸಂತೋಷ. ಮೊದಲ ಸಲ ನಮಗೆ ಆ ಸಂತೋಷ ಅರ್ಥವೇ ಆಗುವುದಿಲ್ಲ. ಎರಡನೇ ಸಲ ಅವನ ಜೊತೆ ನಾವೂ ನಗುತ್ತೇವೆ. ಕುದುರೆ ರೇಸಿನ ಬಗ್ಗೆ ತನಗೇನೂ ಗೊತ್ತಿರಲಿಲ್ಲ, ಆ ಕಥೆಯಲ್ಲಿ ತಪ್ಪುಗಳಿವೆ ಎಂದು ಅದನ್ನು ಬರೆದ ಕಾನನ್ ಡಾಯ್ಲ್ ಅವರೇ ಆಮೇಲೆ ಒಪ್ಪಿಕೊಂಡರು. ಆದರೂ ಕಥೆಗೆ ಏನೂ ಊನವಾಗಿಲ್ಲ. ಮಟನ್ ಕರಿಯ ಲೆಕ್ಕ ಸರಿಯಾಗಿದೆಯಲ್ಲ!

ಅಗಾಥಾ ಕ್ರಿಸ್ಟಿಯವರ ಮಾತೇ ಬೇರೆ. ಅವರು ಗೊತ್ತಿದ್ದುದನ್ನೇ ಬರೆದರು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಊರಿನ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡುತ್ತಿದ್ದರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲಿ ವಿಷದ ವಿಚಾರ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಔಷಧ ತಜ್ಞರ ಪತ್ರಿಕೆಯೇ ಅದನ್ನು ಮೆಚ್ಚಿ ಬರೆಯಿತು.

ಇನ್ನು ಮೊಮ್ಮಗಳು ಪುರಾವೆ ಕೇಳಿದರೆ ಅದೂ ಇದೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣಕಥೆಗಳನ್ನು ವಿದ್ಯಾರ್ಥಿಗಳಿಗೆ ಓದಿಸಿದರು. ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿಬಿಟ್ಟರು. ಕೊನೆ ಗೊತ್ತಿದ್ದವರೇ ಕಥೆಗಳನ್ನು ಜಾಸ್ತಿ ಮೆಚ್ಚಿದರು, ಪತ್ತೇದಾರಿ ಕಥೆಗಳನ್ನೂ. ಆಮೇಲೆ ಬೇರೆಯವರು ನಡೆಸಿದ ಪ್ರಯೋಗದಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಇದೇ ಕೊನೆಯ ಮಾತೆಂದು ನಾನು ಹೇಳಲಾರೆ. ನನಗೆ ನನ್ನ ಒದ್ದೆ ಛತ್ರಿ ಸಾಕು.

ಕನ್ನಡದಲ್ಲೇ ಇನ್ನೊಂದು ಪುಸ್ತಕ ನೆನಪಾಗುತ್ತಿದೆ. ತೇಜಸ್ವಿಯವರ "ಚಿದಂಬರ ರಹಸ್ಯ". 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯಲ್ಲೂ ಒಂದು ಅನುಮಾನದ ಸಾವಿದೆ, ಏಲಕ್ಕಿ ಬೆಳೆ ಯಾಕೆ ಕುಸಿಯುತ್ತಿದೆ ಎಂದು ಪತ್ತೆ ಮಾಡಲು ಬಂದ ಅಧಿಕಾರಿ ಇದ್ದಾನೆ. ಮೊದಲ ಸಲ ನಾನು ಅದನ್ನು ಪತ್ತೇದಾರಿ ಕಥೆಯೆಂದೇ ಓದಿದೆ. ಎರಡನೇ ಸಲ ಓದುವಾಗ, ಅಧಿಕಾರಿ ಏಲಕ್ಕಿಯ ಬೆನ್ನು ಹತ್ತಿದ್ದ ಹೊತ್ತಿನಲ್ಲೇ ಕೆಸರೂರೆಂಬ ಇಡೀ ಊರು ಹೇಗೆ ಒಳಗೊಳಗೇ ಕೆಡುತ್ತಿತ್ತು ಎಂದು ಕಂಡು ಎದೆ ಝಲ್ಲೆಂದಿತು. ಸುಳಿವುಗಳೆಲ್ಲ ಅಲ್ಲೇ ಇದ್ದವು.

ಒಂದು ಕೆಲಸ ಮಾಡಿ ಮೇಡಂ. ಮೊಮ್ಮಗಳಿಗೆ ಈ ಪುಟ ತೋರಿಸಬೇಡಿ. "ಸಿಲ್ವರ್ ಬ್ಲೇಜ್" ಕಥೆ ಮಾತ್ರ ಕೊಡಿ. ಓದಿ ಮುಗಿಸಿದ ಮೇಲೆ, ಆ ಹುಡುಗನ ಊಟಕ್ಕೆ ಏನಿತ್ತು ಅಂತ ಮೊದಲು ಎಲ್ಲಿ ಬಂತು ನೋಡು ಎಂದು ಕೇಳಿ. ಹುಡುಕಲು ಅವಳು ಹಿಂದಿನ ಪುಟಗಳಿಗೆ ಹೋಗಲೇಬೇಕು. ಹೋದವಳು ಎಷ್ಟು ಹೊತ್ತು ಅಲ್ಲೇ ಕೂತಳು ಎಂದು ನನಗೊಂದು ಕಾಗದ ಬರೆಯಿರಿ.

— ಸಂಪಾದಕ