ಅವಸರದ ತೀರ್ಮಾನ, ಆಗದ ತೀರ್ಮಾನ: ಸೈಕೋಸಿಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಸೈಕೋಸಿಸ್ ಬಗ್ಗೆಯೇ ಇವೆ. ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಅಲ್ಲಾಡದ ಹಾಗೆ ನಂಬುವುದು, ಇಂಥದ್ದೆಲ್ಲ ಸೈಕೋಸಿಸ್‌ನ ಲಕ್ಷಣ. ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಓದು, ಕೆಲಸ, ಸಂಬಂಧ ಎಲ್ಲದರ ಬಗ್ಗೆಯೂ ನಿರ್ಧಾರ ತಗೊಳ್ಳಬೇಕಾದ ವಯಸ್ಸು ಅದು. ಬಹುಶಃ ಅದಕ್ಕೇ ಪತ್ರ ಬರೆದವರೆಲ್ಲ ಸುತ್ತಿ ಬಳಸಿ ಒಂದನ್ನೇ ಕೇಳಿದ್ದಾರೆ: ಇವರ ತೀರ್ಮಾನವನ್ನು ನಂಬಬಹುದಾ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 21 ವರ್ಷ. ಆರು ತಿಂಗಳ ಹಿಂದೆ ಸೈಕೋಸಿಸ್ ಅಂತ ಗೊತ್ತಾಯ್ತು. ಈಗ ಮಾತ್ರೆ ತಗೊಳ್ತಿದ್ದಾನೆ. ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವವರು ಅವನಿಗೆ ಒಂದು ಮಣಿ ಆಟ ಆಡಿಸಿದರು. ಎರಡು ಜಾಡಿ ಇರುತ್ತೆ, ಒಂದರಿಂದ ಮಣಿ ತೆಗೆದು ತೋರಿಸ್ತಾ ಹೋಗ್ತಾರೆ, ಅದು ಯಾವ ಜಾಡಿ ಅಂತ ಹೇಳಬೇಕು. ಇವನು ಎರಡೇ ಮಣಿ ನೋಡಿ ಹೇಳಿಬಿಟ್ಟ. ಅವರು ಏನೋ ಬರೆದುಕೊಂಡರು. ಅವನ ಬುದ್ಧಿಯೇ ಹೋಯ್ತಾ? ಇನ್ನು ಮುಂದೆ ಯಾವ ನಿರ್ಧಾರವನ್ನೂ ಅವನ ಕೈಗೆ ಕೊಡಬಾರದಾ? (ಒಬ್ಬ ಅಕ್ಕ)

ಉತ್ತರ: ಇಲ್ಲಮ್ಮ, ಬುದ್ಧಿ ಹೋಗಿಲ್ಲ. ಆ ಆಟ ಏನು ಅಳೆಯುತ್ತೆ ಅಂತ ಗೊತ್ತಾದರೆ ನಿಮ್ಮ ಭಯ ಅರ್ಧ ಕಡಿಮೆ ಆಗುತ್ತೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ಜಾಡಿಯಲ್ಲಿ 85 ಕೆಂಪು ಮಣಿ, 15 ನೀಲಿ ಮಣಿ ಇವೆ ಅಂದುಕೊಳ್ಳಿ. ಇನ್ನೊಂದರಲ್ಲಿ ಇದರ ಉಲ್ಟಾ. ಮಣಿಗಳು ಒಂದೊಂದಾಗಿ ಬರುತ್ತವೆ. ಸಾಕು ಅನ್ನಿಸುವವರೆಗೂ ನೋಡಿ ಆಮೇಲೆ ಉತ್ತರ ಹೇಳಬಹುದು. 1988ರಲ್ಲಿ ಲಂಡನ್ನಿನ ಹಕ್, ಗ್ಯಾರೆಟಿ ಮತ್ತು ಹೆಮ್ಸ್ಲಿ ಎಂಬ ಸಂಶೋಧಕರು ಭ್ರಮೆ, ಅಂದರೆ ಮೇಲೆ ಹೇಳಿದಂಥ ಅಲ್ಲಾಡದ ತಪ್ಪು ನಂಬಿಕೆ, ಇರುವವರಿಗೆ ಇದನ್ನು ಕೊಟ್ಟು ನೋಡಿದರು. ಉಳಿದವರಿಗಿಂತ ಇವರು ಕಡಿಮೆ ಮಣಿ ನೋಡಿ ತೀರ್ಮಾನಕ್ಕೆ ಬಂದರು. ಅಲ್ಲಿಂದ ಇಲ್ಲಿಯವರೆಗೆ ಬೇರೆ ಬೇರೆ ದೇಶಗಳಲ್ಲಿ ಈ ಆಟ ಮತ್ತೆ ಮತ್ತೆ ನಡೆದಿದೆ, ಫಲಿತಾಂಶ ಹೆಚ್ಚು ಕಡಿಮೆ ಅದೇ ಬಂದಿದೆ. ಎರಡು ಅಥವಾ ಅದಕ್ಕಿಂತ ಕಡಿಮೆ ಮಣಿಗೆ ಉತ್ತರ ಹೇಳಿದರೆ ಸಂಶೋಧಕರು ಅದನ್ನು ಅವಸರದ ತೀರ್ಮಾನ ಅಂತ ಗುರುತು ಹಾಕಿಕೊಳ್ಳುತ್ತಾರೆ. ಭ್ರಮೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಹೀಗೆ ಮಾಡುತ್ತಾರೆ. ಸೈಕೋಸಿಸ್ ಇಲ್ಲದವರಲ್ಲೂ ಹೀಗೆ ಮಾಡುವವರು ಇದ್ದಾರೆ, ಪ್ರಮಾಣ ಕಡಿಮೆ ಅಷ್ಟೇ.

ಈಗ ಒಂದು ಲೆಕ್ಕ ನೋಡಿ. ಮೊದಲ ಎರಡೂ ಮಣಿ ಕೆಂಪು ಬಂದರೆ ಅದು ಕೆಂಪು ಜಾಸ್ತಿ ಇರುವ ಜಾಡಿಯೇ ಆಗಿರುವ ಸಾಧ್ಯತೆ ಎಷ್ಟು ಗೊತ್ತಾ? ಸುಮಾರು ಶೇಕಡಾ 97. ಅಂದರೆ ನಿಮ್ಮ ತಮ್ಮನಿಗೆ ಎರಡೂ ಒಂದೇ ಬಣ್ಣ ಬಂದಿದ್ದರೆ ಅವನು ಹೇಳಿದ್ದು ತಪ್ಪು ಲೆಕ್ಕ ಅಲ್ಲವೇ ಅಲ್ಲ. ಇನ್ನೂ ನಾಲ್ಕು ಮಣಿ ನೋಡಿ ಹೇಳುವವರು ಲೆಕ್ಕಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಎಚ್ಚರ ವಹಿಸುತ್ತಿದ್ದಾರೆ ಅಷ್ಟೇ. ಅದಕ್ಕೇ 60ಕ್ಕೆ 40ರ ಜಾಡಿಗಳನ್ನೂ ಬಳಸುತ್ತಾರೆ. ಅದರಲ್ಲಿ ಒಂದೇ ಬಣ್ಣದ ಎರಡು ಮಣಿ ಬಂದರೂ ಖಾತ್ರಿ ಶೇಕಡಾ 69 ಮಾತ್ರ. ಅಲ್ಲೂ ಎರಡಕ್ಕೇ ನಿಲ್ಲಿಸಿದರೆ ಆಗ ಯೋಚಿಸಬೇಕಾದ ವಿಷಯ ಇದೆ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಯುರೋಪಿನ ದೊಡ್ಡ ಅಧ್ಯಯನವೊಂದರ ಫಲಿತಾಂಶ 2021ರ ಹೊತ್ತಿಗೆ ಬಂತು. ಮೊದಲ ಸಲ ಸೈಕೋಸಿಸ್ ಆದ 800ಕ್ಕೂ ಹೆಚ್ಚು ಜನ, ಕಾಯಿಲೆ ಇಲ್ಲದ 1,200ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಈ ಅವಸರದ ಬಹುಪಾಲನ್ನು ಒಟ್ಟಾರೆ ಗ್ರಹಿಕೆಯ ಶಕ್ತಿ, ಅಂದರೆ ನೆನಪಿಟ್ಟುಕೊಳ್ಳುವುದು, ಗಮನ, ತರ್ಕ ಇಂಥವು ವಿವರಿಸುತ್ತವೆ ಅಂತ ಅದರಲ್ಲಿ ಕಂಡಿತು. ಬಂದ ಮಣಿಗಳನ್ನೆಲ್ಲ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದೇ ಕಷ್ಟ ಆದಾಗ ಬೇಗ ಮುಗಿಸಿಬಿಡೋಣ ಅನ್ನಿಸುವುದು ಸಹಜ ಅಲ್ವಾ? ಕೆಲವರಿಗೆ ಆಟದ ನಿಯಮವೇ ಸರಿಯಾಗಿ ಅರ್ಥ ಆಗಿರುವುದಿಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಈ ಆಟಕ್ಕೆ ಬೆಲೆಯೇ ಇಲ್ಲವಾ ಅಂದರೆ ಹಾಗೂ ಅಲ್ಲ. ಕಾಯಿಲೆಯ ಶುರುವಿನಲ್ಲೇ ಹೀಗೆ ಅವಸರ ತೋರಿಸಿದವರು ಮುಂದಿನ ನಾಲ್ಕು ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ಹೆಚ್ಚು ದಿನ ಕಳೆದರು ಅಂತ 2019ರ ಲಂಡನ್ ಅಧ್ಯಯನವೊಂದು ತೋರಿಸಿದೆ. ಆದರೆ ಅದು ಗುಂಪಿನ ಸರಾಸರಿ. ಒಂದು ಮಧ್ಯಾಹ್ನ ಆಡಿದ ಆಟದಿಂದ ನಿಮ್ಮ ತಮ್ಮನ ಭವಿಷ್ಯ ಹೇಳಲು ಯಾರಿಂದಲೂ ಆಗದು. ಸಂಶೋಧಕರು ಬರೆದುಕೊಂಡದ್ದು ಮಣಿಗಳ ಸಂಖ್ಯೆಯನ್ನು, ಅವನ ಮೇಲಿನ ತೀರ್ಪನ್ನಲ್ಲ. ನಿರ್ಧಾರ ಅವನ ಕೈಯಲ್ಲೇ ಇರಲಿ. ದೊಡ್ಡ ವಿಷಯ ಇದ್ದಾಗ ಮಾತ್ರ "ಇವತ್ತೇ ಹೇಳಬೇಕಿಲ್ಲ, ಒಂದು ರಾತ್ರಿ ಕಳೀಲಿ, ನಾಳೆ ಮಾತಾಡೋಣ" ಅನ್ನಿ.

ಪ್ರಶ್ನೆ: ನನಗೆ 24. ಧ್ವನಿಗಳು ನಿಂತಿವೆ. ಎಲ್ಲರೂ ಗುಣ ಆಯ್ತು ಅಂತಾರೆ. ಆದರೆ ನನಗೆ ಯಾವುದನ್ನೂ ನಿರ್ಧರಿಸೋಕೆ ಆಗಲ್ಲ. ಕಾಲೇಜಿಗೆ ವಾಪಸ್ ಹೋಗೋದು ಬಿಡಿ, ಸ್ನೇಹಿತನಿಗೆ ಫೋನ್ ಮಾಡ್ಲಾ ಬೇಡ್ವಾ ಅಂತ ಯೋಚಿಸ್ತಾ ಸಂಜೆ ಆಗಿಬಿಡುತ್ತೆ. ಮನೆಯಲ್ಲಿ ಸೋಮಾರಿ ಅಂತಾರೆ. (ಹೆಸರು ಬೇಡ)

ಉತ್ತರ: ನೀವು ಸೋಮಾರಿ ಅಲ್ಲ. ಇದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ, ಅಥವಾ ಪುಟವನ್ನೇ ಅವರ ಕೈಗೆ ಕೊಡಿ.

ಯಾವುದಾದರೂ ಕೆಲಸಕ್ಕೆ ಏಳಬೇಕಾದರೆ ಮನಸ್ಸು ಮೊದಲೇ ಒಂದು ಅಂದಾಜು ಮಾಡುತ್ತದೆ: ಇದರಿಂದ ಸಿಗುವ ಖುಷಿ ಎಷ್ಟು, ಪಡಬೇಕಾದ ಶ್ರಮ ಎಷ್ಟು. ಈ ಅಂದಾಜಿನಲ್ಲಿ ಡೋಪಮೈನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾತ್ರ ಇದೆ. ಎಣಿಸಿದ್ದಕ್ಕಿಂತ ಒಳ್ಳೆಯದು ಸಿಕ್ಕಾಗ ಡೋಪಮೈನ್ ಕೋಶಗಳು ಜೋರಾಗಿ ಕೆಲಸ ಮಾಡುತ್ತವೆ, ಎಣಿಸಿದ್ದು ಸಿಗದಾಗ ತಣ್ಣಗಾಗುತ್ತವೆ. ವೂಲ್ಫ್ರಾಮ್ ಶುಲ್ಟ್ಸ್ ಮತ್ತು ಅವರ ಜೊತೆಗಾರರು 1997ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ಸೈಕೋಸಿಸ್‌ನಲ್ಲಿ ಈ ಸಂಕೇತ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುತ್ತದೆ, ಹಾಗಾಗಿ ಏನೂ ಅರ್ಥ ಇಲ್ಲದ ಸಂಗತಿಗೂ ಭಾರೀ ಅರ್ಥ ಇದೆ ಅನ್ನಿಸತೊಡಗುತ್ತದೆ ಅಂತ 2003ರಲ್ಲಿ ಶಿತಿಜ್ ಕಪೂರ್ ವಾದಿಸಿದರು. ರಸ್ತೆಯಲ್ಲಿ ಯಾರೋ ಸುಮ್ನೆ ಕೆಮ್ಮಿದರೂ ಅದು ನನಗೇ ಅನ್ನಿಸುತ್ತಿತ್ತಲ್ಲ, ಅದು ಇದೇ.

ನಿಮಗೆ ಈಗ ಆಗುತ್ತಿರುವುದು ಇದರ ಇನ್ನೊಂದು ಮುಖ. ಅಮೆರಿಕದಲ್ಲಿ ಜೇಮ್ಸ್ ಗೋಲ್ಡ್, ಜೇಮ್ಸ್ ವಾಲ್ಟ್ಸ್ ಮೊದಲಾದವರು ವರ್ಷಗಟ್ಟಲೆ ಮಾಡಿದ ಕೆಲಸದಲ್ಲಿ ಹೀಗೆ ಕಂಡಿದೆ: ಉತ್ಸಾಹ ಕುಂದಿದವರು ನಷ್ಟ ತಪ್ಪಿಸಿಕೊಳ್ಳುವುದನ್ನು ಸರಿಯಾಗಿಯೇ ಕಲಿಯುತ್ತಾರೆ, ಆದರೆ ಯಾವುದರಿಂದ ಒಳ್ಳೆಯದು ಸಿಕ್ಕಿತು ಅನ್ನುವುದು ಅವರಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಆ ಕ್ಷಣದ ಖುಷಿ ಮಾತ್ರ ಹೆಚ್ಚಾಗಿ ಹಾಗೇ ಉಳಿದಿರುತ್ತದೆ. ನೀವೇ ನೋಡಿ, ಸ್ನೇಹಿತ ತಾನಾಗಿಯೇ ಬಂದು ಕೂತರೆ ನಿಮಗೆ ಹಿತವಾಗಿಯೇ ಇರಬಹುದು. ಆ ಹಿತವನ್ನು ಮೊದಲೇ ಊಹಿಸಿಕೊಂಡು ಫೋನ್ ಎತ್ತುವುದು ಕಷ್ಟ. ಸರಿಯಾಗುತ್ತಿದ್ದ ಆಯ್ಕೆ ಇದ್ದಕ್ಕಿದ್ದಂತೆ ತಪ್ಪಾಗುವ, ತಪ್ಪಾದದ್ದು ಸರಿಯಾಗುವ ಆಟಗಳನ್ನೂ ಕೊಟ್ಟು ನೋಡಿದ್ದಾರೆ. ಮೊದಲ ಸಲ ಸೈಕೋಸಿಸ್ ಆದವರಿಗೆ ಆ ಬದಲಾವಣೆಗೆ ಹೊಂದಿಕೊಳ್ಳುವುದು ಕಷ್ಟವಾಗಿದೆ. ಜೀವನವೂ ಹಾಗೆ ನಿಯಮ ಬದಲಾಯಿಸುತ್ತಲೇ ಇರುತ್ತದೆ, ಅದಕ್ಕೇ ನಿಮಗೆ ಇಷ್ಟು ಸುಸ್ತು.

ಜೊತೆಗೆ ಮಾತ್ರೆಯ ಮಂಪರು ಇರಬಹುದು. ಖಿನ್ನತೆ ಇರಬಹುದು, ಮೊದಲ ಸೈಕೋಸಿಸ್ ಇಳಿದ ಮೇಲೆ ಅದು ಸಾಮಾನ್ಯ. ಇವೆರಡನ್ನೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಕಾರಣ ಇವುಗಳಲ್ಲಿ ಯಾವುದು ಅನ್ನುವುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಅಲ್ಲಿಯವರೆಗೆ, ಮನಸ್ಸು ಬರಲಿ ಆಮೇಲೆ ಮಾಡೋಣ ಅಂತ ಕಾಯಬೇಡಿ. ಶುಕ್ರವಾರ ಐದು ಗಂಟೆಗೆ ಫೋನ್ ಅಂತ ಬರೆದಿಡಿ, ಮಾಡಿ, ಆಮೇಲೆ ಹೇಗನ್ನಿಸಿತು ಅಂತ ಅದರ ಕೆಳಗೇ ಒಂದು ಸಾಲು ಬರೆಯಿರಿ. ಮುಂದಿನ ಶುಕ್ರವಾರ ಆ ಸಾಲು ಓದಿಕೊಂಡು ಫೋನ್ ಎತ್ತಿ.

ಪ್ರಶ್ನೆ: ಅವಸರದ ಯೋಚನೆಯನ್ನು ಕಡಿಮೆ ಮಾಡುವ ಮೊಬೈಲ್ ಆ್ಯಪ್ ಇದೆಯಂತೆ, ನಿಜಾನಾ?

ಉತ್ತರ: ಸ್ಲೋಮೋ ಅಂತ ಒಂದು ಚಿಕಿತ್ಸೆ ಇದೆ. ಬರೀ ಆ್ಯಪ್ ಅಲ್ಲ, ಚಿಕಿತ್ಸಕರ ಜೊತೆ ಎಂಟು ಭೇಟಿ, ಜೊತೆಗೆ ಮೊಬೈಲ್. ಇಂಗ್ಲೆಂಡಿನಲ್ಲಿ ಸುಮಾರು 360 ಜನರ ಮೇಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 24 ವಾರಗಳ ಹೊತ್ತಿಗೆ ಸಂಶಯ ಎಷ್ಟು ಇಳಿದಿದೆ ಅನ್ನುವ ಮುಖ್ಯ ಅಳತೆಯಲ್ಲಿ ಸ್ಪಷ್ಟ ವ್ಯತ್ಯಾಸ ಬರಲಿಲ್ಲ. ಬೇರೆ ಹಲವು ಅಳತೆಗಳಲ್ಲಿ ಲಾಭ ಕಂಡಿತು. ಭರವಸೆ ಇದೆ, ಆದರೆ ಮಾತ್ರೆಯ ಬದಲಿಗೆ ಇದು ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ನನ್ನ ಮಗಳನ್ನು ಒಂದು ಸಂಶೋಧನೆಗೆ ಸೇರಿಕೊಳ್ಳಲು ಕೇಳಿದ್ದಾರೆ. ಒಪ್ಪಿಗೆ ಪತ್ರಕ್ಕೆ ಅವಳೇ ಸಹಿ ಹಾಕಬೇಕಂತೆ. ಈ ಸ್ಥಿತಿಯಲ್ಲಿ ಅವಳ ಸಹಿಗೆ ಏನು ಅರ್ಥ? ತಂದೆಯಾದ ನಾನು ಹಾಕಿದರೆ ಆಗಲ್ವಾ?

ಉತ್ತರ: ಸರ್, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಮಗಳು ವಯಸ್ಕಳು, ಅವಳಿಗೆ ವಿಷಯ ಅರ್ಥವಾಗುತ್ತದೆ ಅಂದಮೇಲೆ ಸಹಿ ಅವಳದ್ದೇ ಆಗಬೇಕು. ಅವರು ಅವಳನ್ನೇ ಕೇಳಿದ್ದು ಸರಿಯಾದ ಕೆಲಸ.

ಸೈಕೋಸಿಸ್ ಇದೆ ಅಂದಮಾತ್ರಕ್ಕೆ ಒಪ್ಪಿಗೆ ಕೊಡುವ ಸಾಮರ್ಥ್ಯ ಇಲ್ಲ ಅಂತ ಅಲ್ಲ. ಅಮೆರಿಕದ ಪಾಲ್ ಆ್ಯಪಲ್‌ಬಾಮ್ ಮತ್ತು ಥಾಮಸ್ ಗ್ರಿಸ್ಸೋ ಈ ಸಾಮರ್ಥ್ಯವನ್ನು ನಾಲ್ಕು ಭಾಗ ಮಾಡಿ ನೋಡುವ ಕ್ರಮವನ್ನು ಬೆಳೆಸಿದರು. ಹೇಳಿದ್ದು ಅರ್ಥವಾಯಿತಾ, ಅದು ತನ್ನ ಪರಿಸ್ಥಿತಿಗೆ ಹೇಗೆ ಅನ್ವಯಿಸುತ್ತದೆ ಅಂತ ಗೊತ್ತಾ, ಲಾಭ ನಷ್ಟ ತೂಗಲು ಆಗುತ್ತಾ, ತನ್ನ ಆಯ್ಕೆಯನ್ನು ಸ್ಪಷ್ಟವಾಗಿ ಹೇಳಲು ಆಗುತ್ತಾ. ಇದು ಇವತ್ತಿಗೆ, ಈ ಒಂದು ನಿರ್ಧಾರಕ್ಕೆ ಸಂಬಂಧಿಸಿದ ಅಳತೆ. ಮುಂದಿನ ತಿಂಗಳು ಬೇರೆ ಉತ್ತರ ಬರಬಹುದು. 2000ದಲ್ಲಿ ವಿಲಿಯಂ ಕಾರ್ಪೆಂಟರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನವನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಸ್ಕಿಜೋಫ್ರೀನಿಯಾ (ಸೈಕೋಸಿಸ್ ಕಾಣಿಸಿಕೊಳ್ಳುವ ಒಂದು ಮಾನಸಿಕ ಕಾಯಿಲೆ) ಇರುವವರಲ್ಲಿ ಮೊದಲ ಸಲ ಒಪ್ಪಿಗೆ ಪತ್ರದ ವಿಷಯ ಸರಿಯಾಗಿ ಅರ್ಥವಾಗದವರಿಗೆ ಅದನ್ನೇ ನಿಧಾನವಾಗಿ, ಮತ್ತೆ ಮತ್ತೆ ವಿವರಿಸಿ ಹೇಳಿದರು. ಆಮೇಲೆ ನೋಡಿದರೆ ಅವರಿಗೂ ಕಾಯಿಲೆ ಇಲ್ಲದವರಿಗೂ ವ್ಯತ್ಯಾಸ ಉಳಿಯಲಿಲ್ಲ. ಮೊದಲು ಅಡ್ಡ ಬಂದದ್ದೂ ಭ್ರಮೆಗಿಂತ ಹೆಚ್ಚಾಗಿ ಗಮನ, ನೆನಪಿನ ತೊಂದರೆ.

ನೀವು ಮಾಡಬಹುದಾದ ದೊಡ್ಡ ಸಹಾಯ ಪಕ್ಕದಲ್ಲಿ ಕೂರುವುದು. ಪತ್ರವನ್ನು ಮನೆಗೆ ತನ್ನಿ, ಇಬ್ಬರೂ ಓದಿ. ಆಮೇಲೆ "ಇವರು ಏನು ಮಾಡ್ತಾರೆ ಅಂತ ನಿನ್ನ ಮಾತಲ್ಲಿ ಹೇಳು" ಅನ್ನಿ. ಒಂದನ್ನು ತಪ್ಪದೇ ವಿಚಾರಿಸಿ: ಇದು ಚಿಕಿತ್ಸೆಯಲ್ಲ, ಸಂಶೋಧನೆ ಅನ್ನುವುದು ಅವಳಿಗೂ ನಿಮಗೂ ಗೊತ್ತಿದೆಯಾ? ಯಾವ ಗುಂಪಿಗೆ ಯಾರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬಹುದು, ಅವಳಿಗೆ ಯಾವುದು ಒಳ್ಳೆಯದು ಅಂತ ನೋಡಿ ಅಲ್ಲ. ಈ ಗೊಂದಲ ಕಾಯಿಲೆ ಇಲ್ಲದವರಿಗೂ ಆಗುತ್ತದೆ. ಮತ್ತೆ, ಯಾವಾಗ ಬೇಕಾದರೂ ಸಂಶೋಧನೆಯಿಂದ ಹೊರಗೆ ಬರಬಹುದು, ಬಂದರೂ ಚಿಕಿತ್ಸೆಗೆ ತೊಂದರೆ ಆಗಬಾರದು. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಒಪ್ಪಿದ ಹೆಲ್ಸಿಂಕಿ ಘೋಷಣೆಯ ಆಧಾರವೇ ಇಂಥ ಸ್ವಂತ ಇಚ್ಛೆಯ ಒಪ್ಪಿಗೆ. ಅವಳು ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಕಾರಣ ಕೇಳಬೇಡಿ.

ಪ್ರಶ್ನೆ: ಮಗ ಒಂದು ವರ್ಷದಿಂದ ಚೆನ್ನಾಗಿದ್ದಾನೆ. ಮಾತ್ರೆ ಬಿಡ್ತೀನಿ ಅಂತ ತೀರ್ಮಾನ ಮಾಡಿದ್ದಾನೆ. ಇದು ಕಾಯಿಲೆ ಆಡಿಸುವ ಮಾತಾ? ನಾನೇನು ಮಾಡಲಿ? (ಒಬ್ಬ ತಾಯಿ)

ಉತ್ತರ: ಅಮ್ಮ, ಕಾಯಿಲೆಯೇ ಆಡಿಸಬೇಕು ಅಂತಿಲ್ಲ. ತೂಕ ಏರುವುದು, ಮಂಪರು, ಸ್ನೇಹಿತರ ಮುಂದೆ ಮುಜುಗರ, ಇಷ್ಟೆಲ್ಲ ಇದ್ದರೆ ಯಾರಿಗಾದರೂ ಬಿಡೋಣ ಅನ್ನಿಸುತ್ತದೆ. ಹಾಗಂತ ಅಪಾಯ ಸಣ್ಣದಲ್ಲ. ಹಾಂಗ್‌ಕಾಂಗ್‌ನಲ್ಲಿ ಮೊದಲ ಸೈಕೋಸಿಸ್ ಆಗಿ ಒಂದು ವರ್ಷವಾದರೂ ಚಿಕಿತ್ಸೆ ಪಡೆದು ಚೆನ್ನಾಗಿದ್ದ 178 ಜನರಲ್ಲಿ ಅರ್ಧ ಜನರಿಗೆ ಮಾತ್ರೆ ಮುಂದುವರಿಸಿದರು, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟರು. ಒಂದು ವರ್ಷದಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣ ಮಾತ್ರೆ ಇದ್ದವರಲ್ಲಿ ಶೇಕಡಾ 41, ಇಲ್ಲದವರಲ್ಲಿ ಶೇಕಡಾ 79. ಹತ್ತು ವರ್ಷದ ನಂತರ ನೋಡಿದಾಗಲೂ ಆ ಒಂದು ವರ್ಷ ಬಿಟ್ಟವರಲ್ಲೇ ಕೆಟ್ಟ ಫಲಿತಾಂಶ ಜಾಸ್ತಿ ಇತ್ತು, ಶೇಕಡಾ 39 ಮತ್ತು 21. ಆದರೆ ನೆದರ್ಲೆಂಡ್ಸ್‌ನಿಂದ 2013ರಲ್ಲಿ ಬಂದ ಅಧ್ಯಯನ ಬೇರೆ ದಿಕ್ಕು ತೋರಿಸಿತು. ಡಾಕ್ಟರ ಕಣ್ಣೆದುರೇ ಡೋಸ್ ಇಳಿಸಿದವರು ಅಥವಾ ನಿಲ್ಲಿಸಿದವರು ಏಳು ವರ್ಷದ ಮೇಲೆ ಜಾಸ್ತಿ ಚೇತರಿಸಿಕೊಂಡಿದ್ದರು, ಶೇಕಡಾ 40. ಮೊದಲಿನ ಡೋಸ್‌ನಲ್ಲೇ ಇದ್ದವರಲ್ಲಿ ಶೇಕಡಾ 18. ಅದು ಚಿಕ್ಕ ಅಧ್ಯಯನ, 103 ಜನ.

ಎರಡನ್ನೂ ನಾನು ನಿಮ್ಮ ಮಗನ ಮುಂದೆ ಇದೇ ರೀತಿ ಇಡುತ್ತೇನೆ, ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ಹೇಳುವುದಿಲ್ಲ. ನೀವೂ ಹಾಗೇ ಮಾಡಿ. ಹಾಲಿನಲ್ಲಿ ಮಾತ್ರೆ ಬೆರೆಸಿ ಕೊಡುವುದು ಖಂಡಿತಾ ಬೇಡ, ಗೊತ್ತಾದ ದಿನ ಅವನು ನಿಮ್ಮನ್ನೂ ನಂಬುವುದಿಲ್ಲ, ಡಾಕ್ಟರನ್ನೂ ನಂಬುವುದಿಲ್ಲ. ಒಂದೇ ಸಲ ಬಿಡುವುದೂ ಬೇಡ. "ಬಿಡುವ ಯೋಚನೆ ಇದ್ದರೆ ಅದನ್ನೇ ಡಾಕ್ಟರ ಹತ್ತಿರ ಹೇಳೋಣ, ನಾನು ಜೊತೆಗೆ ಬರ್ತೀನಿ" ಅನ್ನಿ. ಮಾತ್ರೆ ಬದಲಿಸುವುದು, ಡೋಸ್ ನಿಧಾನವಾಗಿ ಇಳಿಸುವುದು, ಇನ್ನೊಂದು ಆರು ತಿಂಗಳು ಕಾಯುವುದು, ಇವೆಲ್ಲ ಅಲ್ಲಿ ಚರ್ಚೆಗೆ ಬರಲಿ. ಏನೇ ತೀರ್ಮಾನ ಆದರೂ, ಅವನು ಚೆನ್ನಾಗಿರುವ ಈ ಹೊತ್ತಿನಲ್ಲೇ ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿ: ಹೋದ ಸಲ ಶುರುವಿನಲ್ಲಿ ಏನೇನು ಆಯ್ತು (ನಿದ್ದೆ ಕೆಟ್ಟಿತಾ, ಬಾಗಿಲು ಹಾಕಿಕೊಂಡು ಕೂರುತ್ತಿದ್ದನಾ), ಮತ್ತೆ ಹಾಗಾದರೆ ಯಾರಿಗೆ ಫೋನ್ ಮಾಡಬೇಕು, ಯಾವ ಮಾತ್ರೆ ಅವನಿಗೆ ಒಪ್ಪಿಗೆ, ಯಾವುದು ಬೇಡ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಚರ್ಚೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅದನ್ನೂ ಅವನ ಒಪ್ಪಿಗೆಯೊಂದಿಗೆ ಅದೇ ಹಾಳೆಯಲ್ಲಿ ಬರೆದಿಡಿ. ಒಂದು ಪ್ರತಿ ಅವನ ಹತ್ತಿರ, ಒಂದು ನಿಮ್ಮ ಹತ್ತಿರ, ಒಂದು ಡಾಕ್ಟರ ಫೈಲಿನಲ್ಲಿ ಇರಲಿ.