ಜಗುಲಿಯ ರೂಟರ್, ಪಕ್ಕದ ಕೋಣೆಯ ತೊಟ್ಟಿಲು

ಶಿರಸಿ ತಾಲೂಕಿನ ಹಿರಿಯ ಓದುಗರೊಬ್ಬರ ಪತ್ರದ ಸಾರ: ಬೆಂಗಳೂರಿನ ಕಂಪನಿ ಕೆಲಸವನ್ನು ಊರಲ್ಲೇ ಕೂತು ಮಾಡುವ ಮಗ ಜಗುಲಿ ಗೋಡೆಗೆ ವೈಫೈ ರೂಟರ್ ಹಾಕಿಸಿದ್ದಾನೆ. ಪಕ್ಕದ ಕೋಣೆಯಲ್ಲೇ ಮೊಮ್ಮಗಳ ತೊಟ್ಟಿಲು. ರೂಟರ್ ಬಂದಾಗಿನಿಂದ ಪತ್ನಿಗೆ ತಲೆನೋವು. ‘ಕೈಗಾ ಅಣುಸ್ಥಾವರ ಬೇಡ ಎಂದು ಹೋರಾಟಕ್ಕೆ ಹೋದವ ನಾನು. ಈಗ ವಿಕಿರಣವನ್ನು ನಾನೇ ಮನೆಯೊಳಗೆ ಕರೆದುಕೊಂಡ ಹಾಗಾಯಿತಲ್ಲ! ಸಂಜೆ ಕವಳ (ಎಲೆ-ಅಡಿಕೆ) ಹಾಕಿ ಕೂತರೆ ಅದರ ಹಸಿರು ದೀಪ ನೋಡುವುದೇ ಕೆಲಸವಾಗಿದೆ’ ಎಂದಿದ್ದಾರೆ. ಪೇಟೆಯಲ್ಲಿ ಮಾರುವ, ಫೋನಿಗೆ ಅಂಟಿಸುವ ‘ವಿಕಿರಣ ತಡೆಯುವ ಸ್ಟಿಕ್ಕರ್’ ತರಲೇ ಎಂದೂ ಕೇಳಿದ್ದಾರೆ.

ಮಾನ್ಯರೇ,

ತೊಟ್ಟಿಲಿನ ಮಾತು ಮೊದಲು. ರೂಟರಿನಿಂದ ಮಗುವಿಗೆ ಕೇಡಾಗುತ್ತದೆ ಎನ್ನಲು ಈವರೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ತೊಟ್ಟಿಲನ್ನು ನಾಲ್ಕು ಹೆಜ್ಜೆ ಆಚೆ ಕಟ್ಟಿ. ಅದಕ್ಕೇನೂ ಖರ್ಚಿಲ್ಲ, ಫಲವೂ ಇದೆ: ದೂರ ಎರಡು ಪಟ್ಟಾದರೆ ಅಲೆಯ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ.

ಕೈಗಾದ ಹೋಲಿಕೆ ಮಾತ್ರ ಸರಿಯಲ್ಲ. ಸ್ಥಾವರದೊಳಗಿನ ಗಾಮಾ ಕಿರಣ ಪರಮಾಣುವಿನಿಂದ ಇಲೆಕ್ಟ್ರಾನನ್ನೇ ಕಿತ್ತೊಗೆಯುತ್ತದೆ, ಜೀವಕೋಶದ ಡಿಎನ್‌ಎ ಕಡಿಯಬಲ್ಲದು. ಹಾಗೆ ಕೀಳಲು ಸುಮಾರು 10 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 2.4 ಗಿಗಾಹರ್ಟ್ಸ್‌ನ ವೈಫೈ ಅಲೆಯ ಒಂದು ಕಣದಲ್ಲಿರುವುದು ಅದರ ಹತ್ತು ಲಕ್ಷದಲ್ಲೊಂದು ಪಾಲು. ನಿಮ್ಮ ಅಂಗಳದಲ್ಲಿ ಅಡಿಕೆ ಒಣಗಿಸುವ ಬಿಸಿಲಿನ ಬೆಳಕಿನ ಕಣವೇ ಇದಕ್ಕಿಂತ ಲಕ್ಷ ಪಟ್ಟಿಗೂ ಮಿಗಿಲು.

ಇಂಥ ಅಲೆಗಳಿಂದ ಆಗುತ್ತದೆಂದು ಖಚಿತವಾಗಿ ಗೊತ್ತಿರುವುದು ಬಿಸಿ ಒಂದೇ. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲಿಯೇ, ಆದರೆ ಅದು 700–800 ವ್ಯಾಟನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಸುರಿಯುತ್ತದೆ. ಮನೆಯ ರೂಟರ್ ಸಾಮಾನ್ಯವಾಗಿ ಸೂಸುವುದು ಒಂದು ವ್ಯಾಟಿನ ಹತ್ತನೇ ಒಂದು ಭಾಗದ ಆಸುಪಾಸು, ಅದೂ ಸುತ್ತ ಹರಡಿ ಹೋಗುತ್ತದೆ. ಒಂದು ಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ ಚದರ ಮೀಟರಿಗೆ 8 ಮಿಲಿವ್ಯಾಟ್. ಅಂತರರಾಷ್ಟ್ರೀಯ ಮಿತಿ ಚದರ ಮೀಟರಿಗೆ 10 ವ್ಯಾಟ್. ಭಾರತವು 2012ರ ಸೆಪ್ಟೆಂಬರಿನಿಂದ ಮೊಬೈಲ್ ಗೋಪುರಗಳಿಗೆ ಆ ಮಿತಿಯ ಹತ್ತರಲ್ಲೊಂದು ಪಾಲನ್ನಷ್ಟೇ ಇಟ್ಟಿದೆ. ಆ ಬಿಗಿ ಅಳತೆಗೆ ಹಿಡಿದರೂ ನಿಮ್ಮ ರೂಟರ್ ನೂರು ಪಟ್ಟಿಗಿಂತ ಕೆಳಗೇ ನಿಲ್ಲುತ್ತದೆ.

‘ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್ ಪಟ್ಟಿಗೆ ಸೇರಿಸಿದೆ’ ಎಂಬ ವಾಟ್ಸ್ಯಾಪ್ ಸಂದೇಶವನ್ನೂ ಕಳಿಸಿದ್ದೀರಿ. ಅದು ಪೂರ್ತಿ ಸುಳ್ಳಲ್ಲ. ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರ ಮೇ ತಿಂಗಳಲ್ಲಿ ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ ಹಾಕಿತು. ಕಾರಣವಾಗಿ ನೋಡಿದ್ದು ಮುಖ್ಯವಾಗಿ ಮೊಬೈಲನ್ನು ಕಿವಿಗೆ ಹಚ್ಚಿ ಬಹಳ ಮಾತಾಡುವವರ ಅಧ್ಯಯನಗಳನ್ನು. ‘ಇರಬಹುದು, ಪುರಾವೆ ಸಾಲದು’ ಎಂಬುದೇ ಆ ಗುಂಪಿನ ಅರ್ಥ. ಸಂಸ್ಥೆ ಮಾಡಿಸಿದ ದೊಡ್ಡ ಪರಾಮರ್ಶೆ 2024ರಲ್ಲಿ ಹೊರಬಂತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೊಬೈಲ್ ಬಳಸಿದವರಲ್ಲೂ ಮಿದುಳಿನ ಕ್ಯಾನ್ಸರಿಗೂ ಮೊಬೈಲಿಗೂ ನಂಟು ಅದರಲ್ಲಿ ಕಾಣಲಿಲ್ಲ.

ಈಗ ಇದೇ ವಿಭಾಗದ ‘ಒಂದನೇ ಗುಂಪು’ ನೋಡೋಣ. ಕ್ಯಾನ್ಸರಿಗೆ ಕಾರಣ ಎಂದು ಪುರಾವೆ ಸಾಕಷ್ಟು ಸಿಕ್ಕವು ಅಲ್ಲಿವೆ: ತಂಬಾಕು, ಸಾರಾಯಿ... ಮತ್ತು ಅಡಿಕೆ. ಹೊಗೆಸೊಪ್ಪು ಹಾಕದ ಕವಳವೂ ಸೇರಿ, 2004ರ ವರದಿ. ಈ ಸಾಲು ಅಚ್ಚಾದ ಮೇಲೆ ನನಗೆಂಥ ಪತ್ರಗಳು ಬರುತ್ತವೆಂದು ಗೊತ್ತು. ಅಡಿಕೆ ದರದ ಮೇಲೆಯೇ ನಿಂತ ಊರಲ್ಲಿ ಪತ್ರಿಕೆ ನಡೆಸುವವ ನಾನು. ಗುಂಪುಗಳು ಹೇಳುವುದು ಪುರಾವೆಯ ಗಟ್ಟಿತನವನ್ನು, ಅಪಾಯದ ಪ್ರಮಾಣವನ್ನಲ್ಲ ಎಂಬುದೂ ನಿಜ. ಆದರೂ ಜಗುಲಿಯಲ್ಲಿ ನೀವು ಹೆದರಿಕೊಂಡು ನೋಡಬೇಕಾದದ್ದು ಗೋಡೆ ಮೇಲಿನ ಹಸಿರು ದೀಪವೋ, ಕೈಯಲ್ಲಿರುವ ಕವಳವೋ, ನೀವೇ ಹೇಳಿ. ಬಚ್ಚಲೊಲೆಗೆ ಹಸಿ ಕಟ್ಟಿಗೆ ತುರುಕುವ ಮನೆಯಾದರೆ ಆ ಹೊಗೆಯೂ ವೈಫೈಗಿಂತ ಮೇಲಿನ ‘2ಎ’ ಗುಂಪಿನದು.

ನಿಮ್ಮ ಮನೆಯವರ ತಲೆನೋವು ಸುಳ್ಳೆಂದು ಯಾರೂ ಹೇಳಕೂಡದು. ಅಲೆ ತಾಗಿದರೆ ಗೊತ್ತಾಗುತ್ತದೆ ಎನ್ನುವವರನ್ನು ಹಲವು ಕಡೆ ಪರೀಕ್ಷಿಸಿದ್ದಾರೆ. ಯಂತ್ರ ಚಾಲೂ ಇದೆಯೋ ಇಲ್ಲವೋ ಎಂದು ತಿಳಿಸದೇ ಇದ್ದಾಗ ಅವರಿಗೆ ಸರಿಯಾಗಿ ಹೇಳಲಾಗಲಿಲ್ಲ. ಯಂತ್ರ ಬಂದ್ ಆಗಿದ್ದರೂ, ಚಾಲೂ ಇದೆ ಎಂದು ನಂಬಿದವರಿಗೆ ನೋವು ಬಂತು. ನೋವು ಖರೆ, ಕಾರಣ ಬೇರೆ. ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದು ಬಿಪಿ, ಕಣ್ಣು ತೋರಿಸಿ. ರೂಟರ್ ಮೇಲೆ ತಪ್ಪು ಹೊರಿಸಿ ಸುಮ್ಮನಾದರೆ ನಿಜವಾದ ಕಾರಣ ಹಾಗೇ ಉಳಿದೀತು.

ನಮ್ಮ ಘಟ್ಟದ ಕಣಿವೆಗಳಲ್ಲಿ ಇನ್ನೊಂದು ವಿಷಯವಿದೆ. ಒಂದೇ ಕಡ್ಡಿ ನೆಟ್‌ವರ್ಕ್ ಇರುವಲ್ಲಿ ಫೋನು ದೂರದ ಗೋಪುರ ಮುಟ್ಟಲು ತನ್ನ ಶಕ್ತಿಯನ್ನೆಲ್ಲ ಹಾಕುತ್ತದೆ, ಅದೂ ನಿಮ್ಮ ಕಿವಿಗೆ ಅಂಟಿಕೊಂಡು. ಮನೆಯಲ್ಲಿ ವೈಫೈ ಇದ್ದು ಕರೆ ಅದರ ಮೂಲಕ ಹೋದರೆ ಅಷ್ಟು ಒದ್ದಾಟ ಬೇಕಿಲ್ಲ. ಅಂದರೆ ರೂಟರ್ ಬಂದ ಮೇಲೆ ನಿಮ್ಮ ತಲೆಗೆ ತಾಗುವ ಅಲೆ ಕಡಿಮೆಯಾಗಿರುವ ಸಂಭವವೇ ಹೆಚ್ಚು. ಬ್ರಿಟನ್ನಿನ ಆರೋಗ್ಯ ರಕ್ಷಣಾ ಸಂಸ್ಥೆ ಹಿಂದೆ ಕೊಟ್ಟ ಲೆಕ್ಕವೂ ಹೀಗಿತ್ತು: ವೈಫೈ ಇರುವ ಜಾಗದಲ್ಲಿ ಒಂದು ವರ್ಷ ಕೂತರೆ ಸಿಗುವುದು 20 ನಿಮಿಷ ಮೊಬೈಲಿನಲ್ಲಿ ಮಾತಾಡಿದಷ್ಟು.

ಸ್ಟಿಕ್ಕರಿಗೆ ದುಡ್ಡು ಹಾಕಬೇಡಿ. ಅದು ಅಲೆಯನ್ನು ನಿಜಕ್ಕೂ ತಡೆದರೆ ಫೋನು ಸಾಯಬೇಕು. ಫೋನು ನಡೆಯುತ್ತಿದೆ ಎಂದರೆ ಅದು ತಡೆದಿಲ್ಲ. ಅರ್ಧಮರ್ಧ ತಡೆದರೆ ಫೋನು ಇನ್ನೂ ಜೋರಾಗಿ ಸೂಸುತ್ತದೆ.

ರೂಟರಿನ ವಿಷಯದಲ್ಲಿ ನಾನು ಎಚ್ಚರಿಸುವುದು ಅಲೆಗಲ್ಲ, ತಂತಿಗೆ. ಅಡಾಪ್ಟರ್ ವೈರು ತೊಟ್ಟಿಲಿನಿಂದ ಮಗುವಿನ ಕೈಗೆ ಸಿಗದಿರಲಿ. ಏಪ್ರಿಲ್–ಮೇ ತಿಂಗಳ ಗುಡುಗಿನ ದಿನಗಳಲ್ಲಿ ಸಿಡಿಲು ಕರೆಂಟಿನ ಲೈನ್ ಹಿಡಿದು ಮನೆಯೊಳಗೆ ಬರುತ್ತದೆ. ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಿ, ಮಿಂಚು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ. ಸ್ವಿಚ್ ಆರಿಸಿದರೆ ಸಾಲದು. ಮಗನ ಮೀಟಿಂಗ್ ನಿಂತರೆ ನಿಲ್ಲಲಿ.

– ಸಂಪಾದಕ