ಉ: ಬೆಳೆಯದ ಮೆಕ್ಕೆಜೋಳಕ್ಕೆ ಸಬ್ಸಿಡಿ ಹೇಗೆ?

ಅಮೆರಿಕದ ಅಯೋವಾ ರಾಜ್ಯದ ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೃಷಿ ಸಬ್ಸಿಡಿ ಪಟ್ಟಿಯಲ್ಲಿ ಸೋಯಾ ಬೆಳೆದವರಿಗೆ ಮೆಕ್ಕೆಜೋಳದ ಹಣ ಬಂದಿದೆ, ಷಿಕಾಗೋ ವಿಳಾಸದವರೂ ಇದ್ದಾರೆ, ಇದು ಅಕ್ರಮವಲ್ಲವೇ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಅಕ್ರಮ ಅನ್ನೋಕಾಗಲ್ಲ. ಕಾನೂನೇ ಹಾಗಿದೆ.

ಅಲ್ಲಿ ಬೆಲೆ ಕುಸಿತದ ಹಣ ಈ ವರ್ಷ ಬಿತ್ತಿದ್ದಕ್ಕಲ್ಲ, 'ಬೇಸ್ ಎಕರೆ'ಗೆ ಕೊಡೋದು. ಅಂದರೆ ಆ ಜಮೀನಿನಲ್ಲಿ ಹಿಂದೆ ಏನು ಬೆಳೆಯುತ್ತಿದ್ದರು ಅನ್ನೋ ದಾಖಲೆಗೆ. ಪಿಎಲ್‌ಸಿ ಅನ್ನೋ ಬೆಲೆ ಕುಸಿತದ ಪರಿಹಾರ ಯೋಜನೆಯಲ್ಲಿ ನೂರು ಎಕರೆ ಮೆಕ್ಕೆಜೋಳದ ಬೇಸ್ ಇದ್ದರೆ 85 ಎಕರೆಗೆ ಲೆಕ್ಕ. ವರ್ಷದ ಸರಾಸರಿ ಮಾರುಕಟ್ಟೆ ಬೆಲೆ ನಿಗದಿತ ದರಕ್ಕಿಂತ ಕೆಳಗಿಳಿದರೆ ವ್ಯತ್ಯಾಸ ಕಟ್ಟಿಕೊಡುತ್ತಾರೆ, ಹೊಲದಲ್ಲಿ ಸೋಯಾ ಇದ್ದರೂ ಸರಿ. ತರಕಾರಿ ಹಾಕಿದರೆ ಮಾತ್ರ ಕತ್ತರಿ ಬೀಳಬಹುದು. ಹಣ ಕೈಸೇರೋದು ಕಟಾವಾದ ಮರುವರ್ಷ ಅಕ್ಟೋಬರ್‌ನಿಂದಾಚೆಗೆ, ಹಾಗಾಗಿ ಪಟ್ಟಿಯ ವರ್ಷಕ್ಕೂ ಬೆಳೆಯ ವರ್ಷಕ್ಕೂ ತಾಳೆ ನೋಡಬೇಡಿ.

ಇನ್ನು ಷಿಕಾಗೋದವರು. ಮಾಲೀಕ ಜಮೀನನ್ನು ನಗದು ಗೇಣಿಗೆ ಕೊಟ್ಟಿದ್ದರೆ ಈ ಹಣ ಉಳುವವನಿಗೇ ಹೋಗುತ್ತೆ. ಬೆಳೆಯ ಪಾಲಿಗೆ ಕೊಟ್ಟಿದ್ದರೆ ಮಾಲೀಕನಿಗೂ ಪಾಲು. ಭೂಮಿಯನ್ನು 10–15 ವರ್ಷ ಹುಲ್ಲು, ಮರಕ್ಕೆ ಬಿಡುವ ಸಿಆರ್‌ಪಿ ಒಪ್ಪಂದದ ಹಣಕ್ಕೂ ಮಾಲೀಕ ಊರಲ್ಲಿ ಇರಲೇಬೇಕೆಂದಿಲ್ಲ. ನಮ್ಮ ಪಿಎಂ ಕಿಸಾನ್‌ನ 6000 ರೂಪಾಯಿಯೂ ಪಹಣಿಯಲ್ಲಿ ಹೆಸರಿದ್ದವರಿಗೇ ಹೊರತು ಗೇಣಿಗೆ ಮಾಡುವವನಿಗಲ್ಲ, ನೆನಪಿರಲಿ.

ನಿಜಕ್ಕೂ ತಕರಾರು ಎತ್ತಬೇಕಾದ್ದು ಪಾಲುದಾರಿಕೆ ಸಂಸ್ಥೆಗಳ ಬಗ್ಗೆ. ಸಬ್ಸಿಡಿ ಹಣಕ್ಕೆ ಮಿತಿ ಇರೋದು ತಲೆಗೆ ಇಷ್ಟು ಅಂತ. ಪಾಲುದಾರರು ಹೆಚ್ಚಿದಷ್ಟೂ ಮಿತಿಯೂ ಹಿಗ್ಗುತ್ತೆ. ಪಟ್ಟಿಯ ಮೇಲಿನ ಹತ್ತು ಹೆಸರಲ್ಲಿ ಅಂಥವು ಎಷ್ಟಿವೆ, ನೋಡಿ ಹೇಳಿ.